ಗಂಡನೇ ಆಪರೇಷನ್ ಮಾಡಿಸಿಕೊಂಡರೆ ತೋಟದ ಕೆಲಸಕ್ಕೆ ತೊಂದರೆಯೇ?

ಪ್ರಶ್ನೆ: ಡಾಕ್ಟರ್ ಮೇಡಂ, ಕೊಡಗಿನ ಸಿದ್ದಾಪುರದ ಕಡೆ ತೋಟದ ಲೈನ್ ಮನೆಯಲ್ಲಿದ್ದೇವೆ. ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳಿಗೆ ಎರಡು ವರ್ಷ. ಇಷ್ಟೇ ಸಾಕು ಎಂದು ಇಬ್ಬರೂ ತೀರ್ಮಾನಿಸಿದ್ದೇವೆ. ನಮ್ಮ ಯಜಮಾನರು ಮಕ್ಕಳಾಗದಂತೆ ತಾವೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎನ್ನುತ್ತಾರೆ. ಅತ್ತೆ ಒಪ್ಪುತ್ತಿಲ್ಲ. ಏಣಿ ಹತ್ತಿ ಮೆಣಸು ಕೊಯ್ಯುವವನ ಬಲ ಹೋದರೆ ಏನು ಗತಿ, ಗಂಡು ಮಗು ಬೇಡವೇ ಎನ್ನುತ್ತಾರೆ.

ಉತ್ತರ: ಬಲ ಹೋಗುವುದಿಲ್ಲ. ವೃಷಣದ ಚೀಲದ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಬ್ಲೇಡ್ ಹಾಕದೆ ಚಿಕ್ಕ ರಂಧ್ರ ಮಾಡಿ, ವೀರ್ಯನಾಳವನ್ನು ಕತ್ತರಿಸಿ ಕಟ್ಟುತ್ತೇವೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಹೋಗಬಹುದು. ಗಂಡಸಿನ ಹಾರ್ಮೋನು ಆ ನಾಳದಲ್ಲಿ ಹರಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಮೈಕಟ್ಟು, ದಾಂಪತ್ಯ ಸುಖ ಎರಡೂ ಮೊದಲಿನಂತೆಯೇ ಇರುತ್ತವೆ. ಎರಡು ದಿನ ವಿಶ್ರಾಂತಿ. ಒಂದು ವಾರ ಏಣಿ, ಕಾಫಿ ಮೂಟೆ ಬೇಡ. ನಿಮಗೆ ಮಾಡುವುದಾದರೆ ಹೊಟ್ಟೆಯನ್ನೇ ಕೊಯ್ಯಬೇಕು, ಚೇತರಿಕೆಗೂ ಹೆಚ್ಚು ದಿನ ಬೇಕು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 38 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರ ಲೆಕ್ಕ ಸಾವಿರಕ್ಕೆ ಮೂರು. ನಿಮ್ಮ ಯಜಮಾನರ ಬಗ್ಗೆ ನನಗೆ ಗೌರವವಿದೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ನಾಳ ಕಟ್ಟಿದ ತಕ್ಷಣ ಫಲ ಸಿಗುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ. ವೀರ್ಯಾಣು ಇಲ್ಲವೆಂದು ವರದಿ ಬಂದ ಮೇಲೆಯೇ ನಿಶ್ಚಿಂತೆ. ಈ ಅವಧಿಯಲ್ಲಿ ಗರ್ಭ ನಿಂತರೆ ಊರಿನವರ ಬೆರಳು ಹೆಂಡತಿಯ ಕಡೆಗೇ ತಿರುಗುತ್ತದೆ. ಅಂಥ ಅನ್ಯಾಯಕ್ಕೆ ಎಡೆ ಕೊಡಬೇಡಿ.

ಇನ್ನು ಗಂಡು ಮಗುವಿನ ವಿಷಯ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ, ಸೊಸೆಯಿಂದಲ್ಲ. ಮೂರನೆಯದೂ ಹೆಣ್ಣಾದರೆ ನಾಲ್ಕನೆಯದೇ? 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರಿದ್ದರು. ಕಾಫಿ ಕೊಯ್ಲಿನಲ್ಲಿ ಅವರ ದುಡಿಮೆ ಎಷ್ಟೆಂದು ಅತ್ತೆಯವರಿಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಅತ್ತೆಯ ಸಹಿ ಬೇಕೇ, ಮೇಡಂ?

ಉತ್ತರ: ಬೇಡ. ನಿಮ್ಮ ಸಹಿಯೂ ಕಡ್ಡಾಯವಲ್ಲ, ಯಜಮಾನರ ಸಹಿ ಸಾಕು. ಆದರೆ ಇದು ಶಾಶ್ವತ ವಿಧಾನ. ಇಬ್ಬರಲ್ಲಿ ಯಾರಿಗಾದರೂ ಅಳುಕಿದ್ದರೆ ಸದ್ಯಕ್ಕೆ ಕಾಪರ್-ಟಿ ಹಾಕಿಸಿಕೊಳ್ಳಿ, ಹತ್ತು ವರ್ಷ ಬರುವ ಬಗೆಯದೂ ಇದೆ. ಶಸ್ತ್ರಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಆಮೇಲೆ ಜ್ವರ, ಬಾವು, ರಕ್ತಸ್ರಾವ ಕಂಡರೆ ಕಾಯದೆ ಆಸ್ಪತ್ರೆಗೆ ಬನ್ನಿ.