ಸಹಾಯ ಬೇಕು: ರಾಜಾನುಕುಂಟೆ ಬಳಿ ಸೈಟ್ ಕೊಳ್ಳುವ ಮುನ್ನ ದಾಖಲೆಗಳ ಬಗ್ಗೆ ಸಲಹೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಹೂಡಿಕೆಗೆಂದು ಮೊದಲ ಬಾರಿಗೆ ನಿವೇಶನ ಕೊಳ್ಳಲು ಹೊರಟಿರುವ ನಮಗೆ ರಾಜಾನುಕುಂಟೆ ಸಮೀಪದ ಹೊಸ ಬಡಾವಣೆಯೊಂದರಲ್ಲಿ 30×40 ಸೈಟ್ ಒಪ್ಪಿಗೆಯಾಗಿದೆ. ಆದರೆ ತಿಳಿದವರ ಸಲಹೆಯಿಲ್ಲದೆ ಮುಂಗಡ ಕೊಡಲು ಧೈರ್ಯ ಬರುತ್ತಿಲ್ಲ.

ಮುಖ್ಯ ಆತಂಕ ಇಸಿಯದು, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದ್ದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆದ ಇಸಿಯಲ್ಲಿ (ನಮೂನೆ 15), ಮೂಲ ಸರ್ವೆ ನಂಬರಿನ ಜಮೀನನ್ನು 2011ರಲ್ಲಿ ಸಹಕಾರ ಸಂಘವೊಂದಕ್ಕೆ ಅಡಮಾನ ಮಾಡಿದ ನಮೂದಿದೆ; ಅದರ ಕೆಳಗೆ ಭೂಪರಿವರ್ತನೆಯ ನಂತರದ ಕ್ರಯಪತ್ರಗಳೆಲ್ಲ ಸಾಲಾಗಿ ಕಾಣುತ್ತವೆಯೇ ಹೊರತು, ಋಣಮುಕ್ತಿಯ ನಮೂದು ಎಲ್ಲಿಯೂ ಇಲ್ಲ. ಸಾಲ ಎಂದೋ ತೀರಿದೆ ಎಂದು ಮಾರುವವರು ಬಾಯಿಮಾತಿನಲ್ಲಿ ಹೇಳುತ್ತಾರೆ. ಸಂಘದಿಂದ ಬೇಬಾಕಿ (ಬಾಕಿ ಇಲ್ಲವೆಂಬ) ಪತ್ರ ತರಿಸಿದರೆ ಸಾಕೇ, ಇಲ್ಲವೇ ನೋಂದಾಯಿತ ಋಣಮುಕ್ತಿ ಪತ್ರಕ್ಕೇ ಪಟ್ಟು ಹಿಡಿಯಬೇಕೇ?

ಇನ್ನೊಂದು ವಿಷಯ ಮುಂಗಡದ್ದು. 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಕರಾರು ಪತ್ರ ನೋಂದಣಿಯಾಗುವ ಮುನ್ನ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು 2016ರ ರೇರಾ ಕಾಯ್ದೆಯ 13ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದರೂ ರೇರಾ ಸಂಖ್ಯೆ ಇನ್ನೂ ಬರಬೇಕು ಎನ್ನುತ್ತಲೇ ಛಾಪಾ ಕಾಗದದ ಮೇಲೆ ಶೇಕಡಾ 25 ಕೇಳುತ್ತಿರುವುದು ನನಗಂತೂ ಸರಿಯೆನಿಸುತ್ತಿಲ್ಲ.

ಖಾತೆ ಸದ್ಯ ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 11ಬಿಯಲ್ಲಿದೆ, ಅಂದರೆ ನಿಯಮಬದ್ಧ ಅನುಮೋದನೆಯಿಲ್ಲದ ಆಸ್ತಿಗಳ ನಮೂನೆಯಲ್ಲಿ. ಇಂಥ ನಿವೇಶನಕ್ಕೆ ಬ್ಯಾಂಕ್ ಸಾಲ ಪಡೆದವರಿದ್ದರೆ ಅನುಭವ ತಿಳಿಸಿ. ಮೂಲಪತ್ರದಿಂದ ಆರಂಭಿಸಿ ಕನಿಷ್ಠ 30 ವರ್ಷಗಳ ದಾಖಲೆ ಓದಿ ಲಿಖಿತ ಅಭಿಪ್ರಾಯ ಕೊಡುವ, ಮಾರುವವರ ಪರಿಚಯದವರಲ್ಲದ ವಕೀಲರು ಯಲಹಂಕದ ಕಡೆ ಇದ್ದರೆ ದಯವಿಟ್ಟು ಖಾಸಗಿ ಸಂದೇಶದಲ್ಲಿ ಸೂಚಿಸಿ.