30×40 ಸೈಟು: ಗ್ಯಾರೇಜಿನ ಮೇಲಿನ ಕೋಣೆಗೆ ಮೆಟ್ಟಿಲು ಎಲ್ಲಿಂದ ತೆಗೆಯಲಿ?

ಉಲ್ಲಾಳದ ಟೈಲರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಉಲ್ಲಾಳ ಉಪನಗರದಲ್ಲಿ ನಮ್ಮದು 30×40 ಸೈಟು, ಉತ್ತರ ದಿಕ್ಕು. ಬೋರ್ ಕೊರೆಸಿ ಆಯ್ತು. ಬರುವ ಸೋಮವಾರ ಮಾರ್ಕಿಂಗ್, ಆಮೇಲೆ ಪಾಯ. ಅಷ್ಟರೊಳಗೆ ಒಂದು ವಿಷಯ ತೀರ್ಮಾನ ಆಗಬೇಕು.

ಸದ್ಯಕ್ಕೆ ಗ್ರೌಂಡ್ ಫ್ಲೋರ್ ಮಾತ್ರ ಕಟ್ಟಿಸುತ್ತಿದ್ದೇವೆ. ಗೇಟಿನಿಂದ ಒಳಗೆ ಬಂದರೆ ಬಲಗಡೆ, ಅಂದರೆ ವಾಯವ್ಯಕ್ಕೆ, ಗ್ಯಾರೇಜು. ಒಳ ಅಳತೆ 11 ಅಡಿ ಅಗಲ, 20 ಅಡಿ ಉದ್ದ. ಅದರ ಹಿಂದೆ ನಮ್ಮ ಬೆಡ್‌ರೂಮು. ಗ್ಯಾರೇಜಿನ ಮೇಲೆ ಮಾತ್ರ ಒಂದು ಕೋಣೆ ಬರುತ್ತೆ. ಆ ಕೋಣೆ ನನ್ನದು.

ಹದಿನಾಲ್ಕು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ, ಇಷ್ಟೂ ವರ್ಷ ಬಾಡಿಗೆ ಮನೆಯ ಹಾಲಿನ ಮೂಲೆಯಲ್ಲಿ. ನಾನು ಮಿಷನ್ ಮುಂದೆ ಕೂತರೆ ಮಕ್ಕಳು ಗೋಡೆಗೆ ಅಂಟಿಕೊಂಡು ನನ್ನ ಬೆನ್ನ ಹಿಂದೆ ದಾಟಬೇಕು. ಅಳತೆ ಕೊಡೋಕೆ ಬಂದವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪರದೆ ಎಳೀಬೇಕು. ಹಾಗಾಗಿ ಈ ಕೋಣೆ ನನಗೆ ಎಷ್ಟು ಮುಖ್ಯ ಅಂತ ನಿಮಗೆ ಅರ್ಥ ಆಗುತ್ತೆ.

ಮೆಟ್ಟಿಲ ಬಗ್ಗೆ ಮೇಸ್ತ್ರಿ ಮೂರು ದಾರಿ ಹೇಳಿದ್ದಾರೆ. ಪಶ್ಚಿಮದ ಕಾಂಪೌಂಡಿಗೂ ಮನೆಗೂ ನಡುವೆ ಇರುವ ಮೂರಡಿ ಸಂದಿಯಲ್ಲಿ ಎರಡೂವರೆ ಅಡಿ ಅಗಲದ ಕಬ್ಬಿಣದ ಮೆಟ್ಟಿಲು ನಿಲ್ಲಿಸೋದು ಒಂದು. ಇಲ್ಲವೇ ಗ್ಯಾರೇಜಿನ ಹಿಂಭಾಗದಲ್ಲೇ ಕಾಂಕ್ರೀಟ್ ಮೆಟ್ಟಿಲು, ಆದರೆ ಕಾರಿಗೆ ಜಾಗ ಉಳಿಯಬೇಕಾದರೆ ಅದೂ ಎರಡೂವರೆ ಅಡಿ ಅಗಲ, ಒಂದೊಂದು ಮೆಟ್ಟಿಲೂ ಎಂಟೂವರೆ ಇಂಚು ಎತ್ತರ. ಎರಡೂ ಬೇಡ ಅಂದರೆ ಸ್ಲ್ಯಾಬಿನಲ್ಲಿ ಕಿಂಡಿ ಬಿಟ್ಟು ಮಡಚುವ ಏಣಿ. ನಮ್ಮ ಯಜಮಾನರಿಗೆ ಕಬ್ಬಿಣದ್ದು ಇಷ್ಟ, ಖರ್ಚು ಕಡಿಮೆ, ಒಳಗಿನ ಜಾಗವೂ ಹೋಗಲ್ಲ.

ನನಗೆ ಯಾವುದೂ ಮನಸ್ಸಿಗೆ ಬರ್ತಿಲ್ಲ. ಅತ್ತೆಗೆ 71 ವರ್ಷ, ಎರಡೂ ಮಂಡಿ ನೋವು. ಪಕ್ಕದ ತಾರಸಿಯಲ್ಲಿ ಸಂಡಿಗೆ ಹಾಕಬೇಕು ಅಂತ ಅವರಿಗೆ ಈಗಿಂದಲೇ ಆಸೆ. ನನ್ನ ಹತ್ತಿರ ಬರುವವರಲ್ಲಿ ಬಸುರಿಯರು ಇರ್ತಾರೆ, ಕೂಸು ಎತ್ತಿಕೊಂಡು ಬರುವವರು ಇರ್ತಾರೆ. ಮೋಟಾರ್ ಮಿಷನ್ನಿನ ಟೇಬಲ್ಲೇ ನಾಲ್ಕಡಿ ಉದ್ದ, ಅದನ್ನೂ ಮೇಲೆ ಸಾಗಿಸಬೇಕು. ಕಾರು ವ್ಯಾಗನ್‌ಆರ್. ನಿಯಮ ಏನು ಹೇಳುತ್ತೆ? ಕಟ್ಟಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸೈಟ್ ಇಂಜಿನಿಯರ್, ನಾಗರಭಾವಿ

ಅಕ್ಕಾ, ಸೋಮವಾರದ ಮಾರ್ಕಿಂಗ್ ಒಂದು ವಾರ ಮುಂದಕ್ಕೆ ಹಾಕಿ. ಪಾಯ ತೋಡಿದ ಮೇಲೆ ಮೆಟ್ಟಿಲು ಯೋಚಿಸಿದವರ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಮೆಟ್ಟಿಲಿಗೆ ಜಾಗ ಕೊಟ್ಟು ಆಮೇಲೆ ಕಾರು ನಿಲ್ಲಿಸಬೇಕು. ನಿಮ್ಮ ಪ್ಲ್ಯಾನಿನಲ್ಲಿ ಅದು ಉಲ್ಟಾ ಆಗಿದೆ.

ಸಂದಿಯಲ್ಲಿ ಮೆಟ್ಟಿಲು ಬೇಡವೇ ಬೇಡ. ಅದು ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಲೇಬೇಕಾದ ಖಾಲಿ ಜಾಗ, ನೆಲದಿಂದ ಆಕಾಶದವರೆಗೆ ತೆರೆದೇ ಇರಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದರ ಮೇಲೆ ಚಾಚೋಕೆ ಬಿಡೋದು ಸಜ್ಜಾದಂಥದ್ದನ್ನು, ಅದೂ 75 ಸೆಂಟಿಮೀಟರಿನ ಒಳಗೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಕಟ್ಟಡದ ಸರ್ಟಿಫಿಕೇಟ್ ಇಲ್ಲದೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರದು ಅಂದಿತು. ಆಮೇಲೆ ನಮ್ಮಲ್ಲಿ 1200 ಚದರ ಅಡಿವರೆಗಿನ ಸೈಟುಗಳಿಗೆ ಓಸಿ, ಅಂದರೆ ಆ ಸರ್ಟಿಫಿಕೇಟಿನ, ವಿನಾಯಿತಿ ಬಂತು. ನಿಮ್ಮದು ಸರಿಯಾಗಿ 1200. ಆದರೆ ಆ ವಿನಾಯಿತಿ ಸೆಟ್‌ಬ್ಯಾಕ್ ನುಂಗೋಕೆ ಕೊಟ್ಟಿದ್ದಲ್ಲ. ಅದೂ ಅಲ್ಲದೆ ಎರಡೂವರೆ ಅಡಿ ಕಬ್ಬಿಣ ಕೂತರೆ ಆ ಸಂದಿಯಲ್ಲಿ ಉಳಿಯೋದು ಆರಿಂಚು. ಗ್ಯಾಸ್ ಸಿಲಿಂಡರ್ ಕೂಡ ಹಿಂದಕ್ಕೆ ಹೋಗಲ್ಲ.

ಏಣಿ ಅಟ್ಟಕ್ಕೆ ಸರಿ. ದಿನಾ ಜನ ಬಂದು ಕೂರುವ ಕೋಣೆಗೆ ಏಣಿ ದಾರಿ ಆಗಲ್ಲ.

ಇನ್ನು ಗ್ಯಾರೇಜಿನ ಹಿಂಭಾಗ. ಜಾಗ ಅದೇ ಸರಿ, ಅಳತೆ ತಪ್ಪು. ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲು ಕನಿಷ್ಠ 1 ಮೀಟರ್ ಅಗಲ, ತುಳಿಯುವ ಜಾಗ ಕನಿಷ್ಠ 250 ಮಿಮೀ, ಎತ್ತರ 190 ಮಿಮೀ ದಾಟಬಾರದು. ಎಂಟೂವರೆ ಇಂಚು ಅಂದರೆ 216. ಮಂಡಿ ನೋವಿನವರಿಗೆ ಅದು ಶಿಕ್ಷೆ.

ಲೆಕ್ಕ ಹಾಕೋಣ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಇಟ್ಟುಕೊಳ್ಳಿ. ಬೀಮಿಗೆ ಒಂದೂವರೆ ಅಡಿ ಹೋದರೂ ಗ್ಯಾರೇಜಿನೊಳಗೆ ನೆಲದಿಂದ ಎಂಟೂವರೆ ಅಡಿ ಎತ್ತರ ಉಳಿಯುತ್ತೆ; ಬೇಕಾಗಿರೋದು 2.4 ಮೀಟರ್, ಅಂದರೆ ಎಂಟಡಿಗಿಂತ ಸ್ವಲ್ಪ ಕಡಿಮೆ. 120 ಇಂಚನ್ನು 17 ಭಾಗ ಮಾಡಿದರೆ ಒಂದೊಂದು ಮೆಟ್ಟಿಲು 7 ಇಂಚಿಗೆ ಕೂದಲೆಳೆಯಷ್ಟು ಜಾಸ್ತಿ. ಬೆಸ ಸಂಖ್ಯೆ, ನಿಮ್ಮ ಅತ್ತೆಯವರಿಗೂ ಸಮಾಧಾನ. ಒಂದೇ ಏರಿಕೆಯಲ್ಲಿ ಇಷ್ಟೂ ಮೆಟ್ಟಿಲು ಬರಬಾರದು, ಆದ್ದರಿಂದ ನಡುವೆ ಲ್ಯಾಂಡಿಂಗ್, ಅಂದರೆ ನಿಂತು ತಿರುಗೋಕೆ ಸಪಾಟು ಜಾಗ, ಬೇಕೇ ಬೇಕು: ಮೊದಲು 9, ತಿರುಗಿ 8. ಇದಕ್ಕೆ ಅಡ್ಡಲಾಗಿ 7 ಅಡಿ ಬೇಕು. ಉದ್ದಕ್ಕೆ, ಅಂದರೆ ಗ್ಯಾರೇಜಿನ ಅಗಲದ ದಿಕ್ಕಿಗೆ, ಮೆಟ್ಟಿಲು 6 ಅಡಿ 8 ಇಂಚು, ಎರಡೂ ತುದಿಗೆ 3 ಅಡಿ 4 ಇಂಚಿನ ಲ್ಯಾಂಡಿಂಗ್, ಒಟ್ಟು 13 ಅಡಿ 4 ಇಂಚು.

ಗ್ಯಾರೇಜು 11 ಅಡಿ ಅಗಲ ಇರೋದರಿಂದ ನಡುವಿನ ಲ್ಯಾಂಡಿಂಗ್ 2 ಅಡಿ 4 ಇಂಚು ನಿಮ್ಮ ಹಾಲಿನ ಕಡೆಗೆ ನುಗ್ಗುತ್ತೆ. ನುಗ್ಗಲಿ. ಅದರ ಕೆಳಗೆ ನಾಲ್ಕೂಮುಕ್ಕಾಲು ಅಡಿ ಎತ್ತರ ಸಿಗುತ್ತೆ, ಹಾಲಿನ ಕಡೆಗೆ ಬಾಗಿಲಿಟ್ಟು ಚಪ್ಪಲಿ ಕಪಾಟು ಮಾಡಿ.

ಕಾರಿಗೆ ಮಾತ್ರ ಈಗಿರುವ 20 ಅಡಿ ಸಾಲದು. 7 ಅಡಿ ಮೆಟ್ಟಿಲು, 6 ಇಂಚು ಗೋಡೆ ಕಳೆದರೆ ಉಳಿಯೋದು 12 ಅಡಿ 6 ಇಂಚು. ನಿಮ್ಮ ಕಾರೇ 12 ಅಡಿ. ಡಿಕ್ಕಿ ತೆಗೆಯೋಕೂ ಆಗಲ್ಲ. ಹಿಂದಿನ ಬೆಡ್‌ರೂಮಿನಿಂದ 3 ಅಡಿ ತಗೊಳ್ಳಿ.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಮಾತು. ಮೆಟ್ಟಿಲಿಗೆ ಹೊರಗಿನಿಂದ ಸ್ವಂತ ಬಾಗಿಲು ಇರಲಿ, ಪಶ್ಚಿಮದ ಸಂದಿಗೆ ತೆರೆಯುವಂತೆ. ಮೇಲಿನ ಕೋಣೆಯಿಂದ ಕೆಳಗೆ ಬರುವ ಒಂದೇ ದಾರಿ ಪೆಟ್ರೋಲ್ ಗಾಡಿ ನಿಂತ ಗ್ಯಾರೇಜಿನೊಳಗಿಂದ, ರೋಲಿಂಗ್ ಶಟರ್ ಎತ್ತಿಕೊಂಡು ಆಗಬಾರದು. ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಪಾಯಿಂಟ್ ಕೂಡ ಕೊಡಬೇಡಿ. ಬೆಂಕಿ ಬಿದ್ದರೆ ಹೊಗೆ ಮೊದಲು ಏರೋದು ಮೆಟ್ಟಿಲಲ್ಲೇ.

ವಿಜಯನಗರದವನು

ಕಬ್ಬಿಣದ ಮೆಟ್ಟಿಲು ಅಂದಾಗ ಬರೀದೆ ಇರೋಕೆ ಆಗಲಿಲ್ಲ. ನಮ್ಮ ಹಳೇ ಮನೆಗೆ ಹೊರಗಡೆಯಿಂದ ಸುರುಳಿ ಮೆಟ್ಟಿಲು ಇತ್ತು. ನೋಡೋಕೆ ಚೆಂದ. ಫ್ರಿಜ್ ತಂದ ದಿನ ಅದು ಮೂರನೇ ಮೆಟ್ಟಿಲಿನಲ್ಲೇ ಸಿಕ್ಕಿಕೊಂಡಿತು, ಹಗ್ಗ ಕಟ್ಟಿ ಪ್ಯಾರಾಪೆಟ್ ಮೇಲಿಂದ ಎಳೆದುಕೊಂಡೆವು. ಅದನ್ನು ನಾವು ಸಮಸ್ಯೆ ಅಂದುಕೊಳ್ಳಲೇ ಇಲ್ಲ.

ಒಂದು ರಾತ್ರಿ ಅಪ್ಪನಿಗೆ ಎದೆನೋವು. ಆಂಬುಲೆನ್ಸ್ ಬೇಗನೇ ಬಂತು. ಸ್ಟ್ರೆಚರ್ ಮೇಲೆ ತರೋಕೆ ನೋಡಿದರು, ಕಂಬಕ್ಕೂ ಕಂಬಿಗೂ ನಡುವೆ ತಿರುಗಲೇ ಇಲ್ಲ. ಕೊನೆಗೆ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎದೆಗೆ ನನ್ನ ಪಂಚೆ ಸುತ್ತಿ ಕಟ್ಟಿ, ನಾನು ಮೇಲೆ, ಡ್ರೈವರ್ ಕೆಳಗೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆವು. ಮಳೆ ಬಂದು ತಗಡೆಲ್ಲ ಒದ್ದೆಯಾಗಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು. ಉಳಿದರು, ಈಗಲೂ ಇದ್ದಾರೆ. ಆದರೆ ಆ ಹದಿನೈದು ನಿಮಿಷ ನಾನು ಸಾಯೋತನಕ ಮರೆಯಲ್ಲ.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಟೆಕ್ಸಾಸಿನಲ್ಲಿರುವ ಮೈಸೂರಿಗ

ಇಲ್ಲಿ ಗ್ಯಾರೇಜಿನ ಮೇಲೆ ಕೋಣೆ ಮಾಮೂಲು. ಇಲ್ಲಿನ ಮಾದರಿ ವಸತಿ ಸಂಹಿತೆಯಲ್ಲಿ ಮೆಟ್ಟಿಲು 36 ಇಂಚು ಅಗಲ, ಎತ್ತರ 7¾ ಇಂಚಿನೊಳಗೆ, ತುಳಿಯುವ ಜಾಗ 10 ಇಂಚು, ಹೆಚ್ಚುಕಮ್ಮಿ ನಿಮ್ಮ ಲೆಕ್ಕವೇ. ಇಲ್ಲಿನ ಮನೆಗಳು ಮರದವು, ಅದಕ್ಕೆ ಮೇಲೆ ವಾಸದ ಕೋಣೆ ಇದ್ದರೆ ಗ್ಯಾರೇಜಿನ ಚಾವಣಿಗೆ ಬೆಂಕಿ ತಡೆಯುವ 5/8 ಇಂಚಿನ ಜಿಪ್ಸಂ ಹಲಗೆ ಹೊಡೀಬೇಕು. ನಿಮ್ಮ ಕಾಂಕ್ರೀಟ್ ಸ್ಲ್ಯಾಬು ಆ ಕೆಲಸ ತಾನೇ ಮಾಡುತ್ತೆ. ಆದರೆ ಎರಡು ವಿಷಯ ಅಲ್ಲಿಯೂ ಪಾಲಿಸಬಹುದು: ಗ್ಯಾರೇಜಿನಿಂದ ಬೆಡ್‌ರೂಮಿಗೆ ನೇರ ಬಾಗಿಲು ಇಡಬೇಡಿ, ಗ್ಯಾರೇಜಿಗೂ ಮೆಟ್ಟಿಲಿಗೂ ನಡುವೆ ಬಾಗಿಲು ಇಟ್ಟರೆ ಅದು ಗಟ್ಟಿ ಮರದ್ದಾಗಿರಲಿ, ಪೊಳ್ಳು ಫ್ಲಶ್ ಡೋರ್ ಬೇಡ.

ಉಲ್ಲಾಳದ ಟೈಲರ್

ವಿಜಯನಗರದ ಅಣ್ಣಾ, ನಿಮ್ಮದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಬೆಳಿಗ್ಗೆ ತಾವೇ ಮೇಸ್ತ್ರಿಗೆ ಫೋನ್ ಮಾಡಿ ಕಬ್ಬಿಣದ್ದು ಬೇಡ ಅಂದರು. ಅಪ್ಪಾಜಿಯವರ ಆರೋಗ್ಯ ಚೆನ್ನಾಗಿರಲಿ.

ಇಂಜಿನಿಯರ್ ಸರ್, ಎರಡು ಪ್ರಶ್ನೆ. ಬೆಡ್‌ರೂಮು ಈಗ 13×11. ಮೂರಡಿ ಹೋದರೆ 10×11. ಅದು ನಿಯಮಕ್ಕೆ ಚಿಕ್ಕದಾಗಲ್ವಾ? ಮಂಜೂರಾದ ಪ್ಲ್ಯಾನ್ ಬದಲಾಯಿಸೋದು ದೊಡ್ಡ ರಗಳೆಯಾ? ಮೆಟ್ಟಿಲು ಪ್ರದಕ್ಷಿಣೆಯಾಗಿ ಹತ್ತಬೇಕು ಅಂತ ಅತ್ತೆ ಹೇಳ್ತಿದ್ದಾರೆ, ಅವರ ಮಾತು ತೆಗೆದುಹಾಕೋಕೆ ನನಗೆ ಇಷ್ಟ ಇಲ್ಲ.

ಸೈಟ್ ಇಂಜಿನಿಯರ್, ನಾಗರಭಾವಿ

10×11 ಅಂದರೆ 110 ಚದರ ಅಡಿ, 10 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ವಾಸದ ಕೋಣೆಗೆ ಸಂಹಿತೆ ಕೇಳೋದು 9.5. ದಾಟಿದ್ದೀರಿ.

ಪ್ರದಕ್ಷಿಣೆಯೂ ಕೂರುತ್ತೆ. ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದು, ಗ್ಯಾರೇಜಿನ ಗೋಡೆ ಪಕ್ಕದಲ್ಲೇ ಪೂರ್ವಕ್ಕೆ 9 ಮೆಟ್ಟಿಲು ಹತ್ತಿ. ಲ್ಯಾಂಡಿಂಗಿನಲ್ಲಿ ಬಲಕ್ಕೆ ತಿರುಗಿ, ಹಿಂದಿನ ಗೋಡೆ ಪಕ್ಕದಲ್ಲಿ ಪಶ್ಚಿಮಕ್ಕೆ 8. ಮೇಲಿನ ಲ್ಯಾಂಡಿಂಗಿನಲ್ಲಿ ಮತ್ತೆ ಬಲಕ್ಕೆ ತಿರುಗಿದರೆ ನಿಮ್ಮ ಕೋಣೆಯ ಬಾಗಿಲು.

ಪ್ಲ್ಯಾನ್ ಕೆಲಸ ಶುರುವಾಗೋ ಮುಂಚೆಯೇ ತಿದ್ದಿಸಿ, ಆಮೇಲೆ ಕಷ್ಟ. 50×80 ವರೆಗಿನ ಸೈಟಿಗೆ ‘ನಂಬಿಕೆ ನಕ್ಷೆ’ ಅನ್ನೋ ಪ್ಲ್ಯಾನ್ ಮಂಜೂರಾತಿ ವ್ಯವಸ್ಥೆ ಇದೆ, ನೋಂದಾಯಿತ ಇಂಜಿನಿಯರೇ ಆನ್‌ಲೈನಿನಲ್ಲಿ ಹಾಕಬಹುದು. ನಕ್ಷೆಯಲ್ಲಿ ಇರುವುದನ್ನೇ ಕಟ್ಟಿ, ಅಷ್ಟೇ.

ಸೆಂಟ್ರಿಂಗ್ ದಿನ, ಅಂದರೆ ಕಾಂಕ್ರೀಟಿಗೆ ಹಲಗೆ ಕಟ್ಟುವ ದಿನ, ಒಂದು ವಿಷಯ ನೀವೇ ನಿಂತು ನೋಡಿ. ಮೇಸ್ತ್ರಿ ಗೋಡೆ ಮೇಲೆ ನೂಲು ಹೊಡೆದು ಮೆಟ್ಟಿಲು ಗುರುತು ಹಾಕುವಾಗ, ಗ್ಯಾರೇಜಿನ ನೆಲಕ್ಕೆ ಎಷ್ಟು ದಪ್ಪ ಹಾಸು ಬರುತ್ತೆ, ಮೇಲಿನ ಕೋಣೆಗೆ ಎಷ್ಟು, ಮೆಟ್ಟಿಲಿನ ಕಲ್ಲು ಎಷ್ಟು ದಪ್ಪ ಅಂತ ಕೇಳಿ, ಅದನ್ನು ಕಳೆದು ಗುರುತು ಹಾಕಿಸಿ. ಇಲ್ಲಾಂದ್ರೆ ಎಲ್ಲಾ ಮೆಟ್ಟಿಲೂ ಒಂದೇ ಸಮ ಬಂದು, ಮೊದಲನೆಯದು ಅಥವಾ ಕೊನೆಯದು ಮಾತ್ರ ಎರಡಿಂಚು ಹೆಚ್ಚೋ ಕಡಿಮೆಯೋ ಆಗುತ್ತೆ. ಜನ ಎಡವೋದು ಅಲ್ಲೇ. ಕಲ್ಲಿಗೆ ಸಾದರಹಳ್ಳಿ ಗ್ರಾನೈಟ್ ಸಾಕು, ಪಾಲಿಶ್ ಬೇಡ, ಅಂಚಿನಲ್ಲಿ ಎರಡು ಗೀರು ಹಾಕಿಸಿ.

ಉಲ್ಲಾಳದ ಟೈಲರ್

ಭಾನುವಾರ ಎಲ್ಲರೂ ಸೈಟಿಗೆ ಹೋಗಿದ್ದೆವು. ನೀವು ಹೇಳಿದ ಅಳತೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆದೆವು. ಟೇಪು ನಾನೇ ಹಿಡಿದೆ, ನನ್ನ ಹೊಲಿಗೆ ಟೇಪು ಅಲ್ಲ, ಮೇಸ್ತ್ರಿಯ ಉಕ್ಕಿನದು. ಯಜಮಾನರು ಕಾರು ಒಳಗೆ ತಂದು ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಡಿಕ್ಕಿ ಎತ್ತಿ ನೋಡಿದರು. ಹಿಂದೆ ಮೂರೂವರೆ ಅಡಿ ಉಳಿಯಿತು. ಬೆಡ್‌ರೂಮಿನ ಗೆರೆಯೊಳಗೆ ಮಂಚದ ಜಾಗಕ್ಕೆ ಚಾಪೆ ಹಾಸಿ, ಬೀರುವಿನ ಜಾಗಕ್ಕೆ ಇಟ್ಟಿಗೆ ಇಟ್ಟು ಸುತ್ತಲೂ ನಡೆದು ನೋಡಿದೆವು. ಹಿಡಿಯುತ್ತೆ.

ಆಮೇಲೆ ಮೇಸ್ತ್ರಿ ಸಾಲಿಡ್ ಬ್ಲಾಕು, ಹಲಗೆ ಸೇರಿಸಿ ಏಳಿಂಚಿನ ಮೂರು ಮೆಟ್ಟಿಲು ಮಾಡಿಕೊಟ್ಟರು, ಪಕ್ಕದಲ್ಲಿ ಎಂಟೂವರೆ ಇಂಚಿನದ್ದೂ ಮೂರು. ಅತ್ತೆ ಮೊದಲು ಎತ್ತರದ್ದನ್ನು ಹತ್ತಿದರು. ಎರಡನೆಯದಕ್ಕೇ ಸೀರೆ ನೆರಿಗೆ ಹಿಡಿದುಕೊಂಡು, ಇನ್ನೊಂದು ಕೈ ನನ್ನ ಭುಜದ ಮೇಲೆ ಊರಿದರು. ಏಳಿಂಚಿನದ್ದರಲ್ಲಿ ಯಾರನ್ನೂ ಹಿಡಿಯದೆ ಮೂರೂ ಹತ್ತಿ, ಇಳಿದು, ಮತ್ತೆ ಹತ್ತಿದರು. ‘ಇದಾದ್ರೆ ಸಂಡಿಗೆ ತಟ್ಟೆ ಹಿಡ್ಕೊಂಡೂ ಹತ್ತಬಹುದು ಕಣೇ’ ಅಂದರು. ಸರಳು ಎರಡೂ ಕಡೆ ಹಾಕಿಸುತ್ತೇನೆ.

ತಿದ್ದಿದ ನಕ್ಷೆಯನ್ನು ನಮ್ಮ ಇಂಜಿನಿಯರ್ ಈ ವಾರ ಹಾಕುತ್ತಾರೆ. ಪಶ್ಚಿಮದ ಬಾಗಿಲು ಮೂರೂವರೆ ಅಡಿ ಅಗಲ ಅಂತ ಬರೆಸಿದ್ದೇನೆ, ಮಿಷನ್ ಟೇಬಲ್ಲನ್ನು ಓರೆ ಮಾಡದೆ ಎರಡೂ ಕೈಲಿ ಹಿಡಿದು ಒಳಗೆ ತರೋ ಹಾಗೆ.