ಪದಚರ್ಚೆ: ರೋಸ್ಟರ್, ಡೆಪ್ತ್, ರೆಡ್‌ಶರ್ಟ್ – ಅಮೆರಿಕನ್ ಕಾಲೇಜು ಫುಟ್‌ಬಾಲಿಗೆ ಪದ ಬೇಕು, ನಾಳೆಯೊಳಗೆ

ಕೊಲಂಬಸ್, ಒಹಾಯೊದಿಂದ (ಆಗಸ್ಟ್ 2025):

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಗಣೇಶ ಹಬ್ಬ ಆಗಸ್ಟ್ 27ಕ್ಕೆ. 30ಕ್ಕೆ ಇಲ್ಲಿನ ಒಹಾಯೊ ಸ್ಟೇಟ್ ತಂಡಕ್ಕೆ ಟೆಕ್ಸಾಸ್ ಜೊತೆ ಸೀಸನ್ನಿನ ಮೊದಲ ಪಂದ್ಯ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಟಿವಿ ಮುಂದೆ ಕೂರುತ್ತಾರೆ. ಈ ಸಲ ತಂಡ ಹೇಗಿದೆ ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ಹಬ್ಬದ ದಿನ ಹಂಚಬೇಕು.

"ರೋಸ್ಟರ್" ಅಂತಲೇ ಬರೆದರೆ ಸರ್ಕಾರಿ ಕೆಲಸದಲ್ಲಿದ್ದವರೆಲ್ಲ ಮೀಸಲಾತಿ ರೋಸ್ಟರ್ ಅಂದುಕೊಳ್ಳುತ್ತಾರೆ. "ಆಟಗಾರರ ಪಟ್ಟಿ" ಅಂದರೆ ಬರೀ ಹೆಸರುಗಳು. ನನಗೆ ಬೇಕಾಗಿರುವುದು ಆ ಜನ. ಈ ವರ್ಷದಿಂದ ಒಂದು ತಂಡ 105 ಆಟಗಾರರನ್ನು ಇಟ್ಟುಕೊಳ್ಳಬಹುದು. ಮೈದಾನದಲ್ಲಿ ಒಂದು ಸಲಕ್ಕೆ ಇಳಿಯುವವರು 11. ಹೊರಗೆ ಕೂತವರಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದೇ ಇಲ್ಲಿ ದೊಡ್ಡ ಚರ್ಚೆ. ಅದಕ್ಕೆ "ಡೆಪ್ತ್" ಅನ್ನುತ್ತಾರೆ. "ತಂಡಕ್ಕೆ ಆಳ ಇದೆ" ಅಂತ ಬರೆದು ಓದಿ ನೋಡಿದೆ. ಕನ್ನಡ ಅನ್ನಿಸಲೇ ಇಲ್ಲ.

ಆಮೇಲೆ ರೆಡ್‌ಶರ್ಟ್. ಹುಡುಗನಿಗೆ 5 ವರ್ಷದಲ್ಲಿ 4 ಸೀಸನ್ ಆಡಲು ಅವಕಾಶ. ಒಂದು ವರ್ಷ 4 ಪಂದ್ಯಕ್ಕಿಂತ ಜಾಸ್ತಿ ಆಡಿಸದೆ ಇಟ್ಟುಕೊಂಡರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಈ ಸಲ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆಗಿರುವ ಜೂಲಿಯನ್ ಸೇಯಿನ್ ಕಳೆದ ವರ್ಷ ಹಾಗೆ ಉಳಿದ ಹುಡುಗ. ಇಂಥವರನ್ನು ಏನೆನ್ನೋಣ? ಹಾಳೆ ನಾಳೆ ಅಚ್ಚಿಗೆ ಹೋಗಬೇಕು.

ಮೈಸೂರಿನಿಂದ:

ರೋಸ್ಟರ್‌ಗೆ "ಪಡೆ". ಚರ್ಚೆಯೇ ಬೇಡ.

ಆದರೆ ಮೂಲ ತಿಳಿದಿರಲಿ. ಡಚ್ಚರಲ್ಲಿ ಈ ಪದಕ್ಕೆ ಮೊದಲ ಅರ್ಥ ಬೆಂಕಿಯ ಮೇಲಿಟ್ಟು ಮಾಂಸ ಸುಡುವ ಕಬ್ಬಿಣದ ಜಾಲರಿ. ಗೆರೆ ಎಳೆದ ಪಟ್ಟಿ ಹಾಗೇ ಕಂಡಿದ್ದರಿಂದ ಪಟ್ಟಿಗೂ ಅದೇ ಹೆಸರಾಯಿತು. ಅಮೆರಿಕದವರು ಫುಟ್‌ಬಾಲ್ ಮೈದಾನವನ್ನು ಗ್ರಿಡಯರ್ನ್ ಅನ್ನುತ್ತಾರಲ್ಲ, ಅದೂ ಇದೇ ಜಾಲರಿ. ಇನ್ನು ರೆಡ್‌ಶರ್ಟ್‌ಗೆ "ಕೆಂಪಂಗಿ". 1937ರಲ್ಲಿ ನೆಬ್ರಾಸ್ಕಾದ ವಾರೆನ್ ಆಲ್ಫ್‌ಸನ್ ಪಂದ್ಯ ಆಡದೆ, ನಂಬರ್ ಇಲ್ಲದ ಕೆಂಪು ಅಂಗಿ ತೊಟ್ಟು ಬರೀ ಅಭ್ಯಾಸ ಮಾಡಿದ ಅಂತ ಹೇಳುತ್ತಾರೆ. ಕತೆ ಇರುವ ಪದವನ್ನು ಕತೆ ಸಮೇತ ತರಬೇಕು.

ಧಾರವಾಡದಿಂದ:

ಕೆಂಪಂಗಿ ಅಂದರೆ ನಮಗೆ ಸ್ಟೇಷನ್ನಿನ ಹಮಾಲರು. ಬೇಡ. ಅವರಿಗೆ ಪದ ಬೇಕಾಗಿರುವುದು ನಾಳೆ, ಡಚ್ ಜಾಲರಿ ತಗೊಂಡು ಏನು ಮಾಡಬೇಕು?

ಡೆಪ್ತ್‌ಗೆ "ಹಿಂಬಲ". ಹಿಂದೆ ನಿಂತವರ ಬಲ, ನೇರವಾದ ಮಾತು. ರೆಡ್‌ಶರ್ಟ್‌ಗೆ "ಬೀಳು ಬಿಟ್ಟ ವರ್ಷ" ಅನ್ನಿ. ನೆಲಕ್ಕೆ ಕಸುವು ಬರಲಿ ಅಂತ ಒಂದು ವರ್ಷ ಬಿತ್ತದೆ ಬಿಡುತ್ತಾರೆ. ಇದೂ ಅದೇ ಅಲ್ವಾ? ಊರಿಂದ ಬಂದ ಹಿರಿಯರಿಗೆ ವಿವರಣೆಯೇ ಬೇಕಾಗಿಲ್ಲ. ಟ್ಯಾಲೆಂಟ್ ಬರುವ ಕಡೆ ಆ "ಕಸುವು" ಪದವನ್ನೇ ಹಾಕಿ ನೋಡಿ.

ಬೆಂಗಳೂರಿನಿಂದ:

"ಹಿಂಬಲ" ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ಬಳಸಬೇಡಿ. "ಬೀಳು" ಆಟದ ಬರಹದಲ್ಲಿ ಬಂದರೆ ಹುಡುಗ ಬಿದ್ದ ಅಂತ ಓದುತ್ತಾರೆ. ಅದಿರಲಿ, ಸೀಸನ್, ಕ್ವಾರ್ಟರ್‌ಬ್ಯಾಕ್ ಎರಡನ್ನೂ ಹಾಗೇ ಬಿಟ್ಟಿದ್ದೀರಿ. ಮೂರಕ್ಕೆ ಪದ ಕೇಳಿ ಮೂವತ್ತನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡರೆ ಸುಮ್ನೆ ಕೆಲಸ.

ಧಾರವಾಡದಿಂದ:

"ಬೆಂಬಲ" ಬಿಡುತ್ತೀರಾ ಹಾಗಾದರೆ? ಬೆನ್ನು ಸೇರಿರುವುದು ಅದೇ ಬಲಕ್ಕೆ. ಬಲ ಬರೀ ಸಂಸ್ಕೃತದ್ದು ಅನ್ನುವುದನ್ನೂ ನಾನು ಒಪ್ಪಲ್ಲ. ಬಲು, ಬಲ್ಲಿದ, ತಮಿಳಿನ ವಲ್ ಎಲ್ಲ ಒಂದೇ ಬೇರಿನವು. ಸಂಸ್ಕೃತವೇ ನಮ್ಮಿಂದ ತಗೊಂಡಿತು ಅನ್ನುವ ವಿದ್ವಾಂಸರೂ ಇದ್ದಾರೆ.

ಬೆಂಗಳೂರಿನಿಂದ:

ರೂಢಿಯಾದದ್ದು ಬೇರೆ, ಹೊಸದಾಗಿ ಕಟ್ಟುವುದು ಬೇರೆ. ಬೇರಿನ ಮಾತು ಇಲ್ಲಿ ಬೇಡ.

ಆ್ಯನ್ ಆರ್ಬರ್, ಮಿಶಿಗನ್‌ನಿಂದ:

ಪದ ಆಮೇಲೆ. ಮೊದಲು "ತಂಡಕ್ಕೆ ಆಳ ಇದೆ" ಅನ್ನುವ ವಾಕ್ಯ ಸರಿ ಮಾಡಿ. ಒಹಾಯೊ ಸ್ಟೇಟ್ ಹೋದ ಸೀಸನ್ನಿನ ಚಾಂಪಿಯನ್, ನಿಜ. ಆದರೆ ಆ ತಂಡದ 14 ಜನರನ್ನು ಈ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ತಂಡಗಳು ಆರಿಸಿಕೊಂಡವು. ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಕೂಡ ಹೋದರು. ಅವರ ಜಾಗಕ್ಕೆ ಬಂದವರು ಹೈಸ್ಕೂಲಿನಲ್ಲಿ ಪ್ರತಿಭೆಗೆ ಎಷ್ಟು ಸ್ಟಾರ್ ರೇಟಿಂಗ್ ಪಡೆದಿದ್ದರೇನು, ದೊಡ್ಡ ಪಂದ್ಯವನ್ನು ಮೊದಲಿಂದ ಕೊನೆತನಕ ಆಡಿದವರು ಕಡಿಮೆ. ಹಿಂಬಲ ಅನ್ನಬೇಕಾದರೆ ಅವರು ಪಳಗಿರಬೇಕು. "ಕಸುವು ಇದೆ, ಪಳಗಿಲ್ಲ" ಅಂತ ಬರೆಯಿರಿ. ಅದೇ ಪ್ರಾಮಾಣಿಕ. ಕಳೆದ ನವೆಂಬರ್ 30ರಂದು ಚಾಂಪಿಯನ್ ಆಗಲಿದ್ದ ಆ ತಂಡವನ್ನೇ ನಾವು ಮಿಶಿಗನ್ನಿನವರು ನಿಮ್ಮೂರಿನಲ್ಲಿ 13-10ರಿಂದ ಸೋಲಿಸಿದ್ದೇವೆ. ಪಟ್ಟಿ ನೋಡಿ ಪಂದ್ಯ ಹೇಳಲಾಗದು.

ಮೈಸೂರಿನಿಂದ:

ಬೆಂಗಳೂರಿನವರಿಗೆ ಒಂದು ಮಾತು. ಕ್ರಿಕೆಟ್ಟಿಗೂ ಹೀಗೇ ಪದ ಕಟ್ಟಿದೆವು. ದಾಂಡಿಗ ಉಳಿಯಿತು. ಹುದ್ದರಿ ಹೋಯಿತು, ವಿಕೆಟ್ಟೇ ನಿಂತಿತು. ಯಾವುದು ಉಳಿಯಬೇಕು ಅಂತ ಹೇಳಿದವರು ಕಾಮೆಂಟರಿ ಕೇಳಿದ ಜನ, ನಾವಲ್ಲ. ಕ್ವಾರ್ಟರ್‌ಬ್ಯಾಕ್ ಹಾಗೇ ಇರಲಿ. ಟಿವಿಯಲ್ಲಿ ನಿಮಿಷಕ್ಕೊಮ್ಮೆ ಆ ಪದ ಕಿವಿಗೆ ಬೀಳುತ್ತೆ. ಬೇರೆ ಪದ ಕೊಟ್ಟರೆ ಹಿರಿಯರಿಗೇ ಗೊಂದಲ.

ಬೆಂಗಳೂರಿನಿಂದ:

ಹುದ್ದರಿ ಹೋದದ್ದು ಜನ ಬಿಟ್ಟಿದ್ದರಿಂದಲ್ಲ, ಪತ್ರಿಕೆಗಳು ಬಿಟ್ಟಿದ್ದರಿಂದ. ಈಗ ನೀವೂ ಅದನ್ನೇ ಮಾಡುತ್ತಿದ್ದೀರಿ.

ಕೊಲಂಬಸ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. "ಪಡೆ", "ಕಸುವು", "ಹಿಂಬಲ" ಮೂರನ್ನೂ ತಗೊಂಡೆ. ಅರಿಸಮಾಸವಾದರೂ ಓದಿದ ತಕ್ಷಣ ಅರ್ಥವಾಗುತ್ತೆ, ನನಗೆ ಅದು ಮುಖ್ಯ. ರೆಡ್‌ಶರ್ಟ್ ಹಾಗೇ ಇಟ್ಟು, ಮೊದಲ ಸಲ ಬಂದಾಗ ಬೀಳು ಬಿಟ್ಟ ಹೊಲದ ಹೋಲಿಕೆ ಕೊಟ್ಟಿದ್ದೇನೆ.

ಆ್ಯನ್ ಆರ್ಬರ್‌ನವರೇ, "ಪಳಗಿಲ್ಲ" ಅನ್ನುವುದನ್ನು ಇಡೀ ಪಡೆಗೆ ಹಾಕಲಾರೆ. ಜೆರೆಮಯಾ ಸ್ಮಿತ್ ಮೊದಲ ವರ್ಷವೇ ಎಸೆದ ಚೆಂಡು ಹಿಡಿದು 1,315 ಗಜ, 15 ಟಚ್‌ಡೌನ್ ಮಾಡಿದ ಹುಡುಗ. ರಕ್ಷಣೆಯಲ್ಲಿ ಹಿಂದೆ ಕೇಲೆಬ್ ಡೌನ್ಸ್ ಇದ್ದಾನೆ. ಪಳಗಬೇಕಾದವನು ಸೇಯಿನ್, ಅವನ ಮುಂದೆ ನಿಂತು ಕಾಯುವ ಕೆಲವರು. ಹಾಗಾಗಿ ಹಾಳೆಯಲ್ಲಿ ಹೀಗಿದೆ: "ಪಡೆಯಲ್ಲಿ ಕಸುವು ತುಂಬಿದೆ. ಎಸೆಯುವವನು ಹೊಸಬ, ಹಿಡಿಯುವವನು ಪಳಗಿದವನು. ಹಿಂಬಲ ಎಷ್ಟಿದೆ ಅಂತ ಟೆಕ್ಸಾಸ್ ಮೇಲೆ ಗೊತ್ತಾಗುತ್ತೆ."

ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಒಂದು ಬಾಕಿ ಇದೆ. ಸೇಯಿನ್, ಡೌನ್ಸ್ ಇಬ್ಬರೂ ಅಲಬಾಮಾ ಬಿಟ್ಟು ಬಂದವರು, ಅದನ್ನು ಹೇಳದೆ ಬಿಡುವ ಹಾಗಿಲ್ಲ. ಇವತ್ತು ರಾತ್ರಿಯೊಳಗೆ ಯಾರಾದರೂ ಪದ ಕೊಟ್ಟರೆ ಸೇರಿಸುತ್ತೇನೆ.